ಟವೆಲ್ ಹಾಕಿ ಸೀಟು ಹಿಡಿಯುವ ಪುಟ್ಟ ಯಂತ್ರಗಳು

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತನ್ನು ಆಮೇಲೆ ಕೂತು ಬರೆದಿದ್ದೇನೆ. ಬೋರ್ಡಿನ ಮೇಲೆ ಬಿಡಿಸಿದ ಚಿತ್ರಗಳು ಇಲ್ಲಿಲ್ಲ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಊರಿನ ಬಸ್ ಹತ್ತಿದವರು ಕೈ ಎತ್ತಿ. ಸರಿ, ಹೆಚ್ಚುಕಮ್ಮಿ ಎಲ್ಲರೂ. ಹಾಗಾದರೆ ನನ್ನ ಕೆಲಸ ಅರ್ಧ ಮುಗಿಯಿತು.

ಬಸ್ ಬಂದು ನಿಲ್ಲುವ ಮುಂಚೆಯೇ ಜನ ಓಡುತ್ತಾರೆ. ಬಾಗಿಲಿನ ಕಡೆಗಲ್ಲ, ಕಿಟಕಿಯ ಕಡೆಗೆ. ಕಿಟಕಿಯಿಂದ ಟವೆಲ್ ಎಸೆದರೆ ಸೀಟು ನಮ್ಮದು. ಟವೆಲ್ ಮೇಲೆ ಹೆಸರು ಬರೆದಿರುವುದಿಲ್ಲ. ಕೆಂಪು ಟವೆಲ್ ಅಷ್ಟೇ. ಒಳಗೆ ಹೋಗಿ ನೋಡಿದರೆ ಅದೇ ಸೀಟಿನ ಮುಂದೆ ಇನ್ನೊಬ್ಬ ನಿಂತಿದ್ದಾನೆ. ಅವನದೂ ಕೆಂಪು ಟವೆಲ್ಲೇ. ಕಂಡಕ್ಟರ್ ಬಂದು ಒಬ್ಬನನ್ನು ಕೂರಿಸುತ್ತಾರೆ. ಇನ್ನೊಬ್ಬ ಮುಂದಿನ ಬಸ್ಸಿಗೆ ಓಡುತ್ತಾನೆ.

ನಿಮ್ಮ ಫೋನು ಟವರ್ ಜೊತೆ ಮಾತು ಶುರು ಮಾಡುವುದೂ ಹೀಗೇ. ಮೊದಲು ಅದು ಹೆಸರು ಹೇಳುವುದಿಲ್ಲ. ಒಂದು ಸದ್ದು ಕಳಿಸುತ್ತದೆ, ಅಷ್ಟೇ. ಅದಕ್ಕೆ ಪ್ರಿಯಾಂಬಲ್ ಎನ್ನುತ್ತಾರೆ. 4ಜಿಯಲ್ಲೂ 5ಜಿಯಲ್ಲೂ ಒಂದು ಸಲಕ್ಕೆ 64 ಬಗೆಯ ಪ್ರಿಯಾಂಬಲ್ ಇರುತ್ತವೆ. ಅಂದರೆ 64 ಬಣ್ಣದ ಟವೆಲ್. ಫೋನು ಯಾವುದೋ ಒಂದನ್ನು ಆರಿಸಿ ಎಸೆಯುತ್ತದೆ. ಟವರ್ 'ಕೆಂಪು ಟವೆಲ್ಲಿನವರು ಈ ಜಾಗಕ್ಕೆ ಬನ್ನಿ' ಎನ್ನುತ್ತದೆ. ಆಗ ಫೋನು ತನ್ನ ಗುರುತು ಹೇಳುತ್ತದೆ. ಟವರ್ ಅದೇ ಗುರುತನ್ನು ವಾಪಸ್ ಹೇಳಿದರೆ ಸೀಟು ಸಿಕ್ಕಿತು ಎಂದರ್ಥ. ಬೇರೆಯವರ ಗುರುತು ಕೇಳಿಸಿದರೆ ಮತ್ತೆ ಮೊದಲಿನಿಂದ ಶುರು. ನಾಲ್ಕು ಮಾತು, ಮುಗಿಯಿತು.

ಈ ಎಸೆಯುವ ಉಪಾಯ ಹಳೆಯದು. ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ಅಲೋಹಾನೆಟ್ ನಡೆಸಿ ತೋರಿಸಿದರು. ಬೇರೆ ಬೇರೆ ದ್ವೀಪಗಳ ಟರ್ಮಿನಲ್‌ಗಳು ಒಂದೇ ಕಂಪ್ಯೂಟರಿಗೆ ರೇಡಿಯೋದಲ್ಲಿ ಮಾತಾಡಬೇಕಿತ್ತು. ಅವರ ನಿಯಮ ಸರಳ. ಹೇಳಬೇಕೆನಿಸಿದಾಗ ಹೇಳು, ಡಿಕ್ಕಿಯಾದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳು. ಲೆಕ್ಕ ಹಾಕಿದರೆ ಹೀಗೆ ಮನಸ್ಸಿಗೆ ಬಂದಾಗ ಮಾತಾಡುವ ದಾರಿಯಲ್ಲಿ ಹೆಚ್ಚೆಂದರೆ 18 ಪರ್ಸೆಂಟ್ ಸಮಯವಷ್ಟೇ ಕೆಲಸಕ್ಕೆ ಬರುತ್ತದೆ. ಎಲ್ಲರೂ ಒಂದೇ ತಾಳಕ್ಕೆ ಸರಿಯಾಗಿ ಶುರು ಮಾಡಿದರೆ 37ಕ್ಕೆ ಏರುತ್ತದೆ. ಅದಕ್ಕಿಂತ ಮೇಲಿಲ್ಲ. ಜನ ಜಾಸ್ತಿಯಾದಷ್ಟೂ ಕೆಲಸ ಜಾಸ್ತಿಯಾಗುವುದಿಲ್ಲ. ಒಂದು ಹಂತ ದಾಟಿದ ಮೇಲೆ ಕಡಿಮೆಯೇ ಆಗುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಈಗ ಪುಟ್ಟ ಯಂತ್ರಗಳ ಕಡೆ ಬರೋಣ. ಟೀ ಅಂಗಡಿಯಲ್ಲಿ 'ಹತ್ತು ರೂಪಾಯಿ ಬಂದಿದೆ' ಎಂದು ಕೂಗುವ ಡಬ್ಬಿ ನೋಡಿದ್ದೀರಲ್ಲ? ಅದರೊಳಗೂ ಒಂದು ಸಿಮ್ ಇರುತ್ತದೆ. ಬಸ್ಸು, ಟ್ಯಾಕ್ಸಿಗಳ ಟ್ರ್ಯಾಕರ್‌ನಲ್ಲಿ ಸಿಮ್ ಇರುತ್ತದೆ. ಮನೆಯ ಗೋಡೆಗೆ ಬರುತ್ತಿರುವ ಸ್ಮಾರ್ಟ್ ಮೀಟರ್‌ಗಳಲ್ಲೂ ಬಹಳಷ್ಟಕ್ಕೆ ಇರುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಯೋಜನೆಯ ಗುರಿಯೇ 25 ಕೋಟಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್. ಇಂಥವುಗಳ ಸಿಮ್‌ಗೆಂದೇ ನಮ್ಮ ದೇಶದಲ್ಲಿ 13 ಅಂಕಿಯ ನಂಬರ್ ಇಟ್ಟಿದ್ದಾರೆ. ನಮ್ಮ ನಿಮ್ಮ ನಂಬರ್ 10 ಅಂಕಿಯದು. ಯಾರ ಸಂತತಿ ಹೆಚ್ಚು ಬೆಳೆಯುತ್ತದೆ ಎಂದು ಅಲ್ಲೇ ಗೊತ್ತಾಗುತ್ತದೆ, ಅಲ್ವಾ?

ಇವು ಪುಟ್ಟವು ಎಂದರೆ ಗಾತ್ರದಲ್ಲಿ ಅಲ್ಲ, ತಾಕತ್ತಿನಲ್ಲಿ. 3.5 ಗಿಗಾಹರ್ಟ್ಸ್ ಆಸುಪಾಸಿನ ತರಂಗದಲ್ಲಿ ಒಳ್ಳೆಯ 5ಜಿ ಫೋನು ನಾಲ್ಕು ಆಂಟೆನಾದಿಂದ ಕೇಳಿಸಿಕೊಳ್ಳುತ್ತದೆ, ಒಂದೇ ಸಲಕ್ಕೆ 100 ಮೆಗಾಹರ್ಟ್ಸ್ ಅಗಲದ ರಸ್ತೆ ಬಳಸುತ್ತದೆ. ಮೀಟರಿಗೆ ಅಷ್ಟೆಲ್ಲ ಕೊಟ್ಟರೆ ಮೀಟರಿಗಿಂತ ಟವರ್ ಜೊತೆ ಮಾತಾಡುವ ಮಾಡೆಮ್ಮೇ ದುಬಾರಿ. ಅದಕ್ಕೆ ಮೊಬೈಲ್ ಜಾಲದ ನಿಯಮ ಬರೆಯುವ 3ಜಿಪಿಪಿ ಒಕ್ಕೂಟ ಹಂತ ಹಂತವಾಗಿ ಬಡವರ ಆವೃತ್ತಿಗಳನ್ನು ಮಾಡುತ್ತಾ ಬಂದಿದೆ. 2016ರಲ್ಲಿ ಎನ್‌ಬಿ-ಐಒಟಿ ಬಂತು. ಅದರ ರಸ್ತೆಯ ಅಗಲ ಬರೀ 180 ಕಿಲೋಹರ್ಟ್ಸ್. 2022ರಲ್ಲಿ 5ಜಿಗೆ ರೆಡ್‌ಕ್ಯಾಪ್ ಬಂತು. ತಾಕತ್ತು ಕಡಿಮೆ ಮಾಡಿದ ಸಾಧನ ಎಂದೇ ಆ ಹೆಸರಿನ ಅರ್ಥ. ಇದಕ್ಕೆ 20 ಮೆಗಾಹರ್ಟ್ಸ್ ಸಾಕು. ಆಂಟೆನಾ ಒಂದು ಅಥವಾ ಎರಡು. ವಾಚು, ಕಾರ್ಖಾನೆಯ ಸೆನ್ಸರ್, ಸಿಸಿ ಕ್ಯಾಮೆರಾಗಳಿಗಾಗಿ ಮಾಡಿದ್ದು.

ಇವು ಡೇಟಾ ತಿನ್ನುವುದು ಕಡಿಮೆ. ಮೀಟರ್ ಕಳಿಸುವ ಸುದ್ದಿ ಒಂದು ಎಸ್‌ಎಂಎಸ್‌ನಷ್ಟಿರಬಹುದು. ಹಾಗಾದರೆ ತೊಂದರೆ ಎಲ್ಲಿ? ಸೀಟಿನಲ್ಲಿ ಅಲ್ಲ, ಕಿಟಕಿಯಲ್ಲಿ. ಒಂದು ನಿಮಿಷ ಕೂರುವವನೂ ಟವೆಲ್ ಎಸೆಯಲೇಬೇಕು. ಊರು ಮುಟ್ಟುವವರೆಗೆ ಕೂರುವವನೂ ಎಸೆಯುವುದು ಒಂದೇ ಟವೆಲ್.

ಕರೆಂಟ್ ಹೋಗಿ ಬಂದ ಕ್ಷಣ ನೆನಪಿಸಿಕೊಳ್ಳಿ. ಇಡೀ ಬಡಾವಣೆಯ ಮೀಟರ್‌ಗಳು ಒಟ್ಟಿಗೆ ಕಣ್ಣು ಬಿಡುತ್ತವೆ. ಎಲ್ಲಕ್ಕೂ ಈಗಲೇ ಟವರ್ ಬೇಕು. 3ಜಿಪಿಪಿ 2011ರ ಹೊತ್ತಿಗೆ ಇದರದೇ ಲೆಕ್ಕ ಮಾಡಿ ನೋಡಿತು. ಒಂದೇ ಸೆಲ್‌ನಲ್ಲಿ, ಅಂದರೆ ಟವರ್ ಆವರಿಸುವ ಒಂದು ಪ್ರದೇಶದಲ್ಲಿ, 30,000 ಯಂತ್ರಗಳು. ಅವು ಒಂದು ನಿಮಿಷದಲ್ಲಿ ಹರಡಿಕೊಂಡು ಬಂದರೆ ಜಾಲ ಸುಧಾರಿಸಿಕೊಂಡಿತು. ಅಷ್ಟೇ ಯಂತ್ರಗಳು 10 ಸೆಕೆಂಡಿನಲ್ಲಿ ಗುಂಪಾಗಿ ನುಗ್ಗಿದರೆ ಹೆಚ್ಚಿನವಕ್ಕೆ ಒಳಗೆ ಹೋಗಲು ಆಗಲೇ ಇಲ್ಲ. ತಮಾಷೆ ನೋಡಿ, ಆ ಲೆಕ್ಕದಲ್ಲಿ ಸೆಕೆಂಡಿಗೆ 10,800 ಟವೆಲ್‌ಗೆ ಜಾಗವಿತ್ತು. ಬರುವವರ ಸರಾಸರಿ ಸೆಕೆಂಡಿಗೆ 3,000 ಮಾತ್ರ. ಕಾಗದದ ಮೇಲೆ ಜಾಗ ಧಾರಾಳ. ಆದರೆ ನೂಕುನುಗ್ಗಲು ಸರಾಸರಿಯಂತೆ ಬರುವುದಿಲ್ಲ. ಸೋತವರು ಮತ್ತೆ ಎಸೆಯುತ್ತಾರೆ, ಹೊಸಬರೂ ಎಸೆಯುತ್ತಾರೆ. ಟವರ್ ಎಲ್ಲರಿಗೂ ಉತ್ತರ ಕೊಡುವಷ್ಟು ಬಾಯಿಯನ್ನೂ ಹೊಂದಿಲ್ಲ. ಆ ಗಲಾಟೆಯಲ್ಲಿ ಫೋನ್ ಮಾಡಲು ಹೊರಟ ಮನುಷ್ಯನೂ ಸಿಕ್ಕಿಕೊಳ್ಳುತ್ತಾನೆ.

ಹಾಗಾದರೆ ತಡೆಯುವುದು ಹೇಗೆ? ಇಲ್ಲೇ ಇವತ್ತಿನ ಮಾತಿನ ತಿರುಳು ಇರುವುದು. ನಿಮಗೆ ಅನ್ನಿಸಬಹುದು, ಟವರ್‌ನಲ್ಲಿ ಒಬ್ಬ ಕಾವಲುಗಾರ ಇದ್ದಾನೆ, ಬೇಡದವರನ್ನು ಅವನು ಹೊರಗೆ ನಿಲ್ಲಿಸುತ್ತಾನೆ ಎಂದು. ಟವೆಲ್ ಎಸೆಯುವ ಹೊತ್ತಿಗೆ ಅಂಥ ಕಾವಲುಗಾರ ಯಾರೂ ಇಲ್ಲ. ಇರಲು ಸಾಧ್ಯವೂ ಇಲ್ಲ. ಯಾಕೆಂದರೆ ನೀನು ಯಾರು ಎಂದು ಕೇಳಬೇಕಾದರೆ ಅವನು ಆಗಲೇ ಟವೆಲ್ ಎಸೆದಿರಬೇಕು. ಎಸೆದ ಮೇಲೆ ಕೇಳಿ ಪ್ರಯೋಜನ ಏನು? ಕಿಟಕಿ ಆಗಲೇ ತುಂಬಿದೆ.

ಟವರ್ ಮಾಡುವುದು ಒಂದೇ ಕೆಲಸ. ನೋಟಿಸ್ ಬೋರ್ಡ್ ಹಾಕುತ್ತದೆ. ಅದನ್ನು ಸತತವಾಗಿ ಎಲ್ಲರಿಗೂ ಕೇಳುವಂತೆ ಪ್ರಸಾರ ಮಾಡುತ್ತದೆ. ಓದಿ, ಪಾಲಿಸಿ, ಸುಮ್ನೆ ನಿಲ್ಲಬೇಕಾದವನು ಹೊರಗಿರುವ ಯಂತ್ರವೇ. ತನ್ನನ್ನು ತಾನೇ ತಡೆದುಕೊಳ್ಳಬೇಕು.

2ಜಿ ಕಾಲದಿಂದಲೂ ಹೀಗೇ. ಪ್ರತಿ ಸಿಮ್‌ನಲ್ಲೂ 0ಯಿಂದ 9ರ ಒಳಗೆ ಒಂದು ಅಂಕಿ ಬರೆದಿರುತ್ತದೆ. ಪ್ರವಾಹವೋ ದಂಗೆಯೋ ಆದಾಗ ಜಾಲ 'ಈಗ 0ಯಿಂದ 4ರವರು ಸುಮ್ಮನಿರಿ' ಎಂದು ಬೋರ್ಡ್ ಹಾಕಬಹುದು. ಆಮೇಲೆ ಸರದಿ ಬದಲಿಸಬಹುದು. 11ರಿಂದ 15 ವಿಶೇಷ ಅಂಕಿಗಳು. ಭದ್ರತಾ ಪಡೆ, ತುರ್ತು ಸೇವೆ, ಜಾಲದ ಸಿಬ್ಬಂದಿ ಇಂಥವರಿಗೆ. ಯಂತ್ರಗಳು ಜಾಸ್ತಿಯಾದ ಮೇಲೆ 4ಜಿಗೆ ಇನ್ನೊಂದು ಬೋರ್ಡ್ ಸೇರಿತು. ತಡವಾದರೂ ಪರವಾಗಿಲ್ಲ ಎಂದು ಮೊದಲೇ ಒಪ್ಪಿಕೊಂಡ ಯಂತ್ರಗಳು ಮಾತ್ರ ಓದಬೇಕಾದ ಬೋರ್ಡ್ ಅದು. ಮನುಷ್ಯರ ಫೋನಿಗೆ ತೊಂದರೆ ಮಾಡದೆ ಮೀಟರ್‌ಗಳನ್ನಷ್ಟೇ ಹೊರಗೆ ನಿಲ್ಲಿಸಬಹುದು.

5ಜಿಯಲ್ಲಿ ಇದೆಲ್ಲ ಒಂದೇ ವ್ಯವಸ್ಥೆಗೆ ಬಂತು. ಯಾವ ಕೆಲಸಕ್ಕೆ ಬಂದಿದ್ದೀ ಎಂಬುದಕ್ಕೆ ನಂಬರ್ ಇದೆ. ತುರ್ತು ಕರೆಗೆ 2. ಎಸ್‌ಎಂಎಸ್‌ಗೆ 6. ಮಾಮೂಲಿ ಡೇಟಾಗೆ 7. ತಡ ಸಹಿಸುವವರಿಗೆ 1. ಟವರ್ ತಾನೇ ಕರೆದಿದ್ದಕ್ಕೆ ಓಗೊಟ್ಟು ಬಂದವರಿಗೆ 0. ಈ ಸೊನ್ನೆಯವರಿಗೆ ತಡೆಯೇ ಇಲ್ಲ. ಕರೆದು ಬಾಗಿಲಲ್ಲಿ ನಿಲ್ಲಿಸುವ ಸಂಪ್ರದಾಯ ನಮ್ಮಲ್ಲೂ ಇಲ್ಲವಲ್ಲ!

ಉಳಿದವರು ದಾಳ ಹಾಕಬೇಕು. ನಿಜವಾಗಲೂ ದಾಳವೇ. ಬೋರ್ಡಿನಲ್ಲಿ 0.3 ಎಂದಿದೆ ಎನ್ನಿ. ಯಂತ್ರ ತನ್ನೊಳಗೆ 0ಯಿಂದ 1ರ ನಡುವೆ ಒಂದು ಸಂಖ್ಯೆ ಎತ್ತುತ್ತದೆ. 0.3ಕ್ಕಿಂತ ಕಡಿಮೆ ಬಂದರೆ ಟವೆಲ್ ಎಸೆಯಬಹುದು. ಜಾಸ್ತಿ ಬಂದರೆ ಕಾಯಬೇಕು. ಎಷ್ಟು ಹೊತ್ತು? ಅದೂ ಬೋರ್ಡಿನಲ್ಲಿದೆ, 4 ಸೆಕೆಂಡಿನಿಂದ 512 ಸೆಕೆಂಡಿನವರೆಗೆ. 16 ಎಂದು ಬರೆದಿದ್ದರೂ ಸರಿಯಾಗಿ 16 ಸೆಕೆಂಡ್ ಕಾಯುವಂತಿಲ್ಲ. ಇನ್ನೊಂದು ದಾಳ ಹಾಕಿ 11.2ರಿಂದ 20.8ರ ನಡುವೆ ಎಲ್ಲೋ ಒಂದು ಕಡೆ ಎದ್ದೇಳಬೇಕು. ಯಾಕೆ ಹೇಳಿ? ಎಲ್ಲರೂ ಸರಿಯಾಗಿ 16 ಕಾದರೆ 16ನೇ ಸೆಕೆಂಡಿಗೆ ಮತ್ತೆ ಜಾತ್ರೆ.

ಈ ದಾಳವನ್ನು ಹಾಕುವವನು ಯಂತ್ರ. ನೋಡುವವನೂ ಅವನೇ. ಸೋತೆ ಎಂದು ಒಪ್ಪಿಕೊಂಡು ಕೂರಬೇಕಾದವನೂ ಅವನೇ. ಟವರಿಗೆ ಇದು ಕಾಣುವುದೇ ಇಲ್ಲ.

ರೆಡ್‌ಕ್ಯಾಪ್ ವಿಷಯದಲ್ಲಿ ಇನ್ನೊಂದು ಸ್ವಾರಸ್ಯ ಇದೆ. ನನಗೆ ಬಹಳ ಇಷ್ಟವಾದ ಭಾಗ. ಹಳೆಯ 5ಜಿ ಟವರ್‌ಗಳಿಗೆ ರೆಡ್‌ಕ್ಯಾಪ್ ಎಂದರೆ ಏನೆಂದೇ ಗೊತ್ತಿಲ್ಲ. ಅಂಥ ಟವರ್ ಹತ್ತಿರ 20 ಮೆಗಾಹರ್ಟ್ಸ್ ವಾಚ್ ಬಂದು ಟವೆಲ್ ಎಸೆದರೆ ಅದು 'ಬಾ, 100 ಮೆಗಾಹರ್ಟ್ಸ್‌ನ ಆ ತುದಿಯಲ್ಲಿ ಸಿಗು' ಎನ್ನಬಹುದು. ವಾಚ್‌ಗೆ ಆ ತುದಿ ಕಾಣುವುದೇ ಇಲ್ಲ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಕೂರುತ್ತಾರೆ. ಇದನ್ನು ತಪ್ಪಿಸುವುದು ಹೇಗೆ? 'ರೆಡ್‌ಕ್ಯಾಪ್ ಬೇಡ' ಎಂದು ಬೋರ್ಡ್ ಹಾಕಲು ಆ ಹಳೆಯ ಟವರ್‌ಗೆ ಆ ಪದವೇ ಬರುವುದಿಲ್ಲವಲ್ಲ.

ಅದಕ್ಕೆ ನಿಯಮವನ್ನು ತಿರುಗಿಸಿ ಬರೆದರು. ರೆಡ್‌ಕ್ಯಾಪ್‌ಗೆ ಸಂಬಂಧಿಸಿದ ಒಂದು ಸಾಲು ಬೋರ್ಡಿನಲ್ಲಿ ಇಲ್ಲವೇ ಇಲ್ಲ ಎಂದರೆ ರೆಡ್‌ಕ್ಯಾಪ್ ಸಾಧನ ಆ ಸೆಲ್ ತನಗೆ ಮುಚ್ಚಿದೆ ಎಂದೇ ತಿಳಿಯಬೇಕು. ಮೌನ ಸಮ್ಮತಿಯ ಲಕ್ಷಣ ಎನ್ನುತ್ತೇವೆ. ಇಲ್ಲಿ ಮೌನ ನಿರಾಕರಣೆಯ ಲಕ್ಷಣ. ಸಾಲು ಇದ್ದರೂ ಅದರ ಜೊತೆ ಷರತ್ತು ಇರಬಹುದು. ಒಂದು ಆಂಟೆನಾದವರು ಬೇಡ, ಎರಡಿನವರು ಬರಲಿ ಎನ್ನಬಹುದು. ಕೇಳುವುದು ಮತ್ತು ಹೇಳುವುದನ್ನು ಒಂದೇ ಸಲಕ್ಕೆ ಮಾಡಲಾರದ ಅಗ್ಗದ ಸಾಧನಗಳು ಬೇಡ ಎನ್ನಬಹುದು. ಇದು ಸುಮ್ಮಸುಮ್ಮನೆ ಮಾಡುವ ತಾರತಮ್ಯ ಅಲ್ಲ. ಒಂದೇ ಆಂಟೆನಾ ಇರುವವನಿಗೆ ಸರಿಯಾಗಿ ಕೇಳಿಸುವುದಿಲ್ಲ. ಟವರ್ ಅವನಿಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಬೇಕು. ಅಷ್ಟು ಹೊತ್ತಿನಲ್ಲಿ ನಾಲ್ಕು ಜನರ ಕೆಲಸ ಮುಗಿಸಬಹುದಿತ್ತು.

ಒಳಗೆ ಬಿಟ್ಟ ಮೇಲೆ ಮುಂದಿನ ಪ್ರಶ್ನೆ. ಬಂದವನು ಪುಟ್ಟವನು ಎಂದು ಟವರ್‌ಗೆ ಯಾವಾಗ ತಿಳಿಯುತ್ತದೆ? ಎರಡು ದಾರಿ ಇದೆ. ಒಂದು, ಕೆಲವು ಬಣ್ಣದ ಟವೆಲ್‌ಗಳನ್ನು ಅವರಿಗೆಂದೇ ಮೀಸಲಿಡುವುದು. ಎಸೆದ ತಕ್ಷಣ ಗೊತ್ತಾಗುತ್ತದೆ. ಮೊದಲ ಉತ್ತರವನ್ನೇ ಜೋರಾಗಿ, ಬಿಡಿಸಿ ಹೇಳಬಹುದು. ಆದರೆ 64ರಲ್ಲಿ ಅಷ್ಟು ಬಣ್ಣ ಉಳಿದವರಿಗೆ ಕಡಿಮೆ. ಇನ್ನೊಂದು, ಮೂರನೇ ಮಾತಿನಲ್ಲಿ ಅವನೇ ಹೇಳುವುದು. ಬಣ್ಣ ಉಳಿಯುತ್ತದೆ, ಆದರೆ ಎರಡನೇ ಮಾತನ್ನು ಟವರ್ ಕತ್ತಲಲ್ಲಿ ಆಡಬೇಕು. ಎದುರಿಗಿರುವವನ ಕಿವಿ ಮಂದ ಇರಬಹುದು ಎಂದುಕೊಂಡೇ ಎಲ್ಲರಿಗೂ ಜೋರಾಗಿ ಹೇಳಬೇಕಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ಸಾಧನಗಳು ಬೆರಳೆಣಿಕೆಯಷ್ಟಿರುವ ಕಡೆ ಬಣ್ಣ ಮೀಸಲಿಡುವುದು ದಂಡ. ಕಾರ್ಖಾನೆಯ ಒಳಗಾದರೆ ಇಡಲೇಬೇಕು.

ಎನ್‌ಬಿ-ಐಒಟಿಯಲ್ಲಿ ಈ ಸ್ವಂತ ಲೆಕ್ಕಾಚಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನೆಲಮಾಳಿಗೆಯ ಮೀಟರ್ ಟವರಿನ ದನಿ ಎಷ್ಟು ಕ್ಷೀಣವಾಗಿ ಕೇಳುತ್ತಿದೆ ಎಂದು ತಾನೇ ಅಳೆದು, ತಾನು ಎಷ್ಟು ಆಳದಲ್ಲಿದ್ದೇನೆ ಎಂದು ನಿರ್ಧರಿಸುತ್ತದೆ. ಮೂರು ಮಟ್ಟಗಳವರೆಗೆ ಇರಬಹುದು. ಬಹಳ ಆಳದಲ್ಲಿದ್ದರೆ ಒಂದೇ ಪ್ರಿಯಾಂಬಲನ್ನು 128 ಸಲ ಹೇಳಬಹುದು. ಒಂದು ಸಲ ಹೇಳಲು 6.4 ಮಿಲಿಸೆಕೆಂಡ್ ಎಂದಿಟ್ಟುಕೊಂಡರೂ ಒಟ್ಟು ಮುಕ್ಕಾಲು ಸೆಕೆಂಡಿಗಿಂತ ಜಾಸ್ತಿ. ಬರೀ ಟವೆಲ್ ಎಸೆಯಲು! ಆಳದಲ್ಲಿಲ್ಲದ ಯಂತ್ರವೂ ಇರಲಿ ಎಂದು ಆ ಸಾಲಿಗೆ ಸೇರಿಕೊಂಡರೆ ನಿಜವಾಗಿ ಆಳದಲ್ಲಿರುವವನಿಗೆ ಜಾಗ ಎಲ್ಲಿ?

ಇಷ್ಟೆಲ್ಲ ಯಂತ್ರದ ಮರ್ಯಾದೆಯ ಮೇಲೆ ನಿಂತಿದೆ ಎಂದೆ. ಮರ್ಯಾದೆ ಬಿಟ್ಟ ಯಂತ್ರ ಹೇಗಿರುತ್ತದೆ ಎಂದು ನಾನು ನೋಡಿದ್ದೇನೆ. ಯಾರು, ಎಲ್ಲಿ ಎಂಬುದು ಬೇಡ.

ಒಂದು ವಾಹನಗಳ ಯಾರ್ಡ್. ರಾತ್ರಿ ನೂರಾರು ಗಾಡಿಗಳು ಬಂದು ನಿಲ್ಲುತ್ತಿದ್ದವು. ಎಲ್ಲದರಲ್ಲೂ ಒಂದೇ ಮಾದರಿಯ ಟ್ರ್ಯಾಕರ್. ಪಕ್ಕದ ಟವರಿನ ಗ್ರಾಫ್ ನೋಡಿದರೆ ಪ್ರತಿ ರಾತ್ರಿ 12ಕ್ಕೆ ಸೂಜಿ ಚುಚ್ಚಿದ ಹಾಗೆ ಒಂದು ಗೆರೆ. ಮೊದಲು ನಾವು ಗ್ರಾಫೇ ಕೆಟ್ಟಿದೆ ಎಂದುಕೊಂಡೆವು. ಆಮೇಲೆ ತಿಳಿಯಿತು. ದಿನದ ಲೆಕ್ಕ ಕಳಿಸುವ ಸಮಯವನ್ನು ಸಾಫ್ಟ್‌ವೇರ್ ಬರೆದವರು 00:00:00 ಎಂದು ಇಟ್ಟಿದ್ದರು. ಗಡಿಯಾರ ಹಿಂದೆಮುಂದೆ ಇದ್ದಿದ್ದರೂ ಬಚಾವಾಗುತ್ತಿದ್ದೆವು. ಇವು ಟ್ರ್ಯಾಕರ್‌ಗಳು, ಉಪಗ್ರಹದಿಂದಲೇ ಸಮಯ ತೆಗೆದುಕೊಳ್ಳುತ್ತವೆ. ಒಂದೊಂದು ಗಡಿಯಾರವೂ ಕರಾರುವಾಕ್ಕು. ಎಲ್ಲವೂ ಒಂದೇ ಉಸಿರಿಗೆ ಟವೆಲ್ ಎಸೆದವು.

ಅಷ್ಟೇ ಆಗಿದ್ದರೆ ನಿಮಿಷದಲ್ಲಿ ಸರಿಹೋಗುತ್ತಿತ್ತು. ಅದೇ ಪುಣ್ಯಾತ್ಮರು ಇನ್ನೊಂದು ಸಾಲನ್ನೂ ಬರೆದಿದ್ದರು. 30 ಸೆಕೆಂಡಿನಲ್ಲಿ ಸಂಪರ್ಕ ಸಿಗದಿದ್ದರೆ ಮಾಡೆಮ್ ರೀಸೆಟ್ ಮಾಡು. ಮಾಡೆಮ್ ಪಾಪ ನಿಯಮ ತಿಳಿದದ್ದು. ದಾಳ ಹಾಕಿ, ಸೋತು, ಸುಮ್ಮನೆ ಕಾಯುತ್ತಿತ್ತು. ಮೇಲಿನ ಸಾಫ್ಟ್‌ವೇರ್‌ಗೆ ಅದು ಕಾಯುತ್ತಿದೆ ಎಂದು ಗೊತ್ತಿಲ್ಲ, ಕೆಟ್ಟಿದೆ ಎಂದುಕೊಂಡು ಕತ್ತು ಹಿಡಿದು ಎಬ್ಬಿಸುತ್ತಿತ್ತು. ಎದ್ದ ಮಾಡೆಮ್ ಜಾಲವನ್ನು ಹೊಸದಾಗಿ ಹುಡುಕಿ, ಹೊಸದಾಗಿ ನೋಂದಣಿ ಮಾಡಿಸಿಕೊಳ್ಳಬೇಕು. ಅದಕ್ಕೆ ಮಾಮೂಲಿಗಿಂತ ಎಷ್ಟೋ ಹೆಚ್ಚು ಮಾತುಕತೆ ಬೇಕು. ಹೀಗೆ ಹನ್ನೆರಡರ ಗಲಾಟೆ ಸುಮಾರು ಹೊತ್ತು ನಡೆಯುತ್ತಿತ್ತು.

ಪರಿಹಾರ ಬಹಳ ಸಣ್ಣದು. ಪ್ರತಿ ಟ್ರ್ಯಾಕರ್‌ನ ಸೀರಿಯಲ್ ನಂಬರಿನ ಕೊನೆಯ ಅಂಕಿಗಳಿಂದ ಒಂದು ನಿಮಿಷ, ಒಂದು ಸೆಕೆಂಡ್ ಲೆಕ್ಕ ಮಾಡಿ, ಒಂದು ಗಂಟೆಯ ಉದ್ದಕ್ಕೆ ಹರಡಿದರು. ರೀಸೆಟ್ ಮಾಡುವ ಮುಂಚೆ ಕಾಯುವ ಸಮಯ ಪ್ರತಿ ಸಲ ಎರಡರಷ್ಟಾಗುವಂತೆ ಮಾಡಿದರು. ಸೂಜಿ ಮಾಯವಾಯಿತು. ಇಂಥ ಒಳ್ಳೆಯ ನಡವಳಿಕೆಗಳನ್ನೆಲ್ಲ ಮೊಬೈಲ್ ಕಂಪನಿಗಳ ಜಿಎಸ್‌ಎಂಎ ಸಂಘ ಟಿಎಸ್.34 ಎಂಬ ಕೈಪಿಡಿಯಲ್ಲಿ ಬರೆದಿಟ್ಟಿದೆ. ಉಚಿತವಾಗಿ ಸಿಗುತ್ತದೆ. ಪ್ರಾಜೆಕ್ಟ್ ಮಾಡುವವರು ದಯವಿಟ್ಟು ಓದಿ.

ನಿದ್ದೆಯ ಬಗ್ಗೆ ಒಂದೇ ಮಾತು ಹೇಳಿ ಪ್ರಶ್ನೆಗೆ ಹೋಗುತ್ತೇನೆ. ಟವೆಲ್ ಎಸೆಯದಿರುವುದಕ್ಕಿಂತ ಒಳ್ಳೆಯ ಶಿಸ್ತಿಲ್ಲ. ಈ ಯಂತ್ರಗಳಿಗೆ ನಿದ್ದೆ ಮಾಡುವ ಅನುಮತಿ ಇದೆ. ನಿಯಮದ ಪ್ರಕಾರ 413 ದಿನದವರೆಗೂ ಟವರಿಗೆ ಮುಖ ತೋರಿಸದೆ ನೋಂದಣಿ ಉಳಿಸಿಕೊಳ್ಳಬಹುದು. ಕುಂಭಕರ್ಣನೇ ಆರು ತಿಂಗಳಿಗೆ ಏಳುತ್ತಿದ್ದ.

ಹಿಂದಿನ ಸಾಲಿನ ಒಬ್ಬ ಹುಡುಗ ಕೇಳಿದ: "ಸರ್, ಕ್ಯಾಬ್‌ನಲ್ಲಿ ಕೆಂಪು ಎಮರ್ಜೆನ್ಸಿ ಬಟನ್ ಇರುತ್ತಲ್ಲ, ಅದನ್ನೂ ಹೀಗೆ ದಾಳ ಹಾಕಿ ಕಾಯಿಸ್ತಾರಾ?"

ಒಳ್ಳೆಯ ಪ್ರಶ್ನೆ, ಸ್ವಲ್ಪ ಕಹಿ ಉತ್ತರ. ಎಐಎಸ್-140 ಎಂಬ ಮಾನದಂಡದ ಪ್ರಕಾರ ಸಾರ್ವಜನಿಕ ಪ್ರಯಾಣಿಕರ ವಾಹನಗಳಲ್ಲಿ ಆ ಬಟನ್ ಇರುತ್ತದೆ. ನೀವು 112ಕ್ಕೆ ಕರೆ ಮಾಡಿದರೆ ಜಾಲಕ್ಕೆ ಅದು ತುರ್ತು ಕರೆ ಎಂದು ಗೊತ್ತು. ಬಟನ್ ಒತ್ತಿದಾಗ ಹೋಗುವುದು ಸರ್ವರ್‌ಗೆ ಒಂದು ಡೇಟಾ ಸಂದೇಶ. ಜಾಲದ ಕಣ್ಣಿಗೆ ಅದೂ ಮಾಮೂಲಿ ಡೇಟಾವೇ. ಮೊಬೈಲ್ ಕಂಪನಿಗಳು ತಮ್ಮದೇ ನಿಯಮ ಇಟ್ಟುಕೊಳ್ಳಲೆಂದು 5ಜಿಯಲ್ಲಿ 32ರಿಂದ 63ರವರೆಗಿನ ನಂಬರ್‌ಗಳನ್ನು ಖಾಲಿ ಬಿಟ್ಟಿದ್ದಾರೆ. ಅದರಲ್ಲಿ ಒಂದನ್ನು ಇಂಥದ್ದಕ್ಕೆ ಕೊಡಬಹುದು. 4ಜಿಯಲ್ಲೂ ತಡ ಸಹಿಸುವ ಯಂತ್ರ ಅಪರೂಪಕ್ಕೊಮ್ಮೆ ತಡೆಯನ್ನು ಮೀರಲು ದಾರಿ ಇಟ್ಟಿದ್ದಾರೆ. ಟ್ರ್ಯಾಕರ್ ಮಾಡುವವರು ಅದನ್ನು ಬಳಸಬೇಕು. ತಾಕತ್ತು ಕಡಿಮೆ ಇರುವವನ ಸುದ್ದಿಯೂ ಸಣ್ಣದು ಎಂದು ಹಲವರು ಎಣಿಸಿಬಿಡುತ್ತಾರೆ. ನನಗೆ ಇದರ ಬಗ್ಗೆ ಸಿಟ್ಟಿದೆ.

ಇನ್ನೊಬ್ಬಳು ಕೇಳಿದಳು: "ಕರೆಂಟ್ ಹೋದಾಗ ಮೀಟರ್ ಕೊನೇ ಸುದ್ದಿ ಕಳಿಸುತ್ತೆ ಅಂತಾರಲ್ಲ. ಒಳಗೆ ಕೆಪಾಸಿಟರ್‌ನಲ್ಲಿ ಉಳಿದಿರೋದೇ ಸ್ವಲ್ಪ ಹೊತ್ತಿನ ಚಾರ್ಜು. ಅಷ್ಟರಲ್ಲಿ ದಾಳ ಸೋತರೆ ಅದು ಸತ್ತೇ ಹೋಗುತ್ತೆ ಅಲ್ವಾ?"

ಹೋಗುತ್ತದೆ. ಕಾಯಲು ಅದಕ್ಕೆ ಆಯುಸ್ಸಿಲ್ಲ. ಆದರೆ ಯೋಚನೆ ಮಾಡು. ಒಂದು ಟ್ರಾನ್ಸ್‌ಫಾರ್ಮರ್ ಹೋಗಿ ನೂರು ಮನೆ ಕತ್ತಲಾಯಿತು. ಬೋರ್ಡಿನಲ್ಲಿ 0.05 ಎಂದಿದೆ. ಸರಿಸುಮಾರು ಐದು ಮೀಟರ್ ಗೆಲ್ಲುತ್ತವೆ, ಉಳಿದವು ಹೇಳದೆಯೇ ಆರಿಹೋಗುತ್ತವೆ. ಲೈನ್‌ಮನ್‌ಗೆ ಯಾವ ಟ್ರಾನ್ಸ್‌ಫಾರ್ಮರ್ ಎಂದು ತಿಳಿಯಲು ಆ ಐದು ಸಾಕು. ನೂರೂ ಒಟ್ಟಿಗೆ ಕೂಗಿದ್ದರೆ ಆ ಐದೂ ಕೇಳಿಸುತ್ತಿತ್ತೋ ಇಲ್ಲವೋ.

"ಕಂಬದಿಂದ ನಮ್ಮ ಮನೆಗೆ ಬರೋ ವೈರ್ ಒಂದೇ ಕಟ್ಟಾದ್ರೆ?"

ಆಗ ನಿಮ್ಮ ಮೀಟರ್ ಒಂದೇ ಕೂಗುವುದು. ನೂಕುನುಗ್ಗಲು ಇಲ್ಲದ ಮೇಲೆ ಬೋರ್ಡಿನಲ್ಲಿ ತಡೆಯೂ ಇರುವುದಿಲ್ಲ. ಬಸ್ ಖಾಲಿ ಇರುತ್ತದೆ, ಯಾವ ಬಣ್ಣದ ಟವೆಲ್ ಬೇಕಾದರೂ ಎಸೆಯಬಹುದು.